ಹಳೇ ಕಾರಿನ ಸ್ಟೀರಿಯೊದಲ್ಲಿ ಅಪ್ಪಯ್ಯನ ಯಕ್ಷಗಾನ

ಮುಂಬೈಯಲ್ಲಿ ಹದಿನೈದು ವರ್ಷ ದಾಟಿದ ಕಾರು ಇಟ್ಟುಕೊಳ್ಳುವುದು ಹಟಮಾರಿಗಳ ಕೆಲಸ. ಆರ್‌ಟಿಒಗೆ ಹೋಗಿ ನೋಂದಣಿಯನ್ನು ಮತ್ತೆ ಐದು ವರ್ಷಕ್ಕೆ ನವೀಕರಿಸಬೇಕು, ಹಸಿರು ತೆರಿಗೆ ಕಟ್ಟಬೇಕು, ಸೊಸೈಟಿಯ ವಾಚ್‌ಮನ್‌ನಿಂದ ಹಿಡಿದು ಭಾವನವರೆಗೆ ಎಲ್ಲರೂ ಕೇಳುವ "ಯಾವಾಗ ಮಾರ್ತೀರಿ?" ಎಂಬ ಪ್ರಶ್ನೆಗೆ ಉತ್ತರ ಕೊಡಬೇಕು. ನಮ್ಮದು 2004ರ ಸೆಡಾನ್. ಎಂಜಿನ್ ಗಟ್ಟಿಯಾಗಿದೆ, ಎಸಿ ತಣ್ಣಗಿದೆ. ಕೊರತೆ ಇರುವುದು ಒಂದು ಕಡೆ ಮಾತ್ರ. ಕಂಪನಿಯೇ ಕೂರಿಸಿ ಕೊಟ್ಟ ಸ್ಟೀರಿಯೊದಲ್ಲಿ ರೇಡಿಯೊ ಇದೆ, ಕ್ಯಾಸೆಟ್ ಹಾಕುವ ಬಾಯಿ ಇದೆ, ಸಿಡಿ ತೂರಿಸುವ ಸೀಳಿದೆ. ಹೊರಗಿನ ಪ್ಲೇಯರಿನ ವೈರ್ ಸಿಕ್ಕಿಸಲು ಒಂದು ತೂತಿಲ್ಲ. ಆಕ್ಸ್ ಇಲ್ಲ, ಯುಎಸ್‌ಬಿ ಇಲ್ಲ, ಬ್ಲೂಟೂತಿನ ಮಾತೇ ಬೇಡ. ಸಿಡಿ ಓದುತ್ತದೆ ನಿಜ, ಆದರೆ ಎಂಪಿ3 ತುಂಬಿದ ಸಿಡಿ ಕೊಟ್ಟರೆ ವಾಪಸ್ಸು ಉಗುಳುತ್ತದೆ.

ಇಷ್ಟು ವರ್ಷ ಇದು ತೊಂದರೆಯೇ ಆಗಿರಲಿಲ್ಲ. ಈಗ ಆಗಿರುವುದಕ್ಕೆ ಕಾರಣ ಅಪ್ಪಯ್ಯ. ಕುಂದಾಪುರ ಕಡೆಯಿಂದ ಹುಡುಗನಾಗಿ ಬಂದು, ಫೋರ್ಟಿನ ಹೊಟೇಲಿನಲ್ಲಿ ದುಡಿಯುತ್ತ ಕನ್ನಡ ರಾತ್ರಿಶಾಲೆಯಲ್ಲಿ ಓದಿ ಬ್ಯಾಂಕ್ ಸೇರಿದ ಆ ತಲೆಮಾರಿನವರು ಅವರು. ಎರಡು ವರ್ಷದಿಂದ ವಾರಕ್ಕೆ ಮೂರು ಸಲ ಡಯಾಲಿಸಿಸ್. ಬೊರಿವಲಿಯಿಂದ ಅಂಧೇರಿಯ ಆಸ್ಪತ್ರೆಗೆ ಬೆಳಗಿನ ಟ್ರಾಫಿಕ್ಕಿನಲ್ಲಿ ಮುಕ್ಕಾಲರಿಂದ ಒಂದು ಗಂಟೆ, ಅಲ್ಲಿ ನಾಲ್ಕು ಗಂಟೆ, ಮತ್ತೆ ಅದೇ ಹೆದ್ದಾರಿಯಲ್ಲಿ ವಾಪಸ್ಸು. ಏನು ಕುಡಿಯಬೇಕು, ಎಷ್ಟು ಕುಡಿಯಬೇಕು, ಯಾವ ಹಣ್ಣು ತಿನ್ನಬಾರದು ಎಂದು ಎಲ್ಲವನ್ನೂ ಬೇರೆಯವರೇ ನಿರ್ಧರಿಸುವ ದಿನಗಳು. ಅವರು ಕೇಳಿದ್ದು ಒಂದೇ: ಕಾರಿನಲ್ಲಿ ಆಟದ ಪದ ಹಾಕು.

ಆಟದ ಪದ ಅಂದರೆ ಆ್ಯಪಿನಲ್ಲಿ ಸಿಗುವಂಥದ್ದಲ್ಲ. ಮಳೆಗಾಲದಲ್ಲಿ ಊರಿನ ಮೇಳಗಳು ಮುಂಬೈ ಪ್ರವಾಸಕ್ಕೆ ಬಂದಾಗ, ಎಂಬತ್ತರ ದಶಕದಲ್ಲಿ, ಅಪ್ಪಯ್ಯ ಟೇಪ್‌ರೆಕಾರ್ಡರ್ ಹೊತ್ತುಕೊಂಡು ಹೋಗಿ ಸಭಾಗೃಹದ ಮುಂದಿನ ಸಾಲಿನಲ್ಲಿ ಕೂತು ರೆಕಾರ್ಡ್ ಮಾಡಿದ ಅರವತ್ತು ಚಿಲ್ಲರೆ ಕ್ಯಾಸೆಟ್ಟುಗಳಿವೆ. ಗುಂಡ್ಮಿ ಕಾಳಿಂಗ ನಾವಡರ ಭಾಗವತಿಕೆ ಅದರಲ್ಲಿದೆ. 1990ರಲ್ಲಿ ಅವರು ಅಪಘಾತದಲ್ಲಿ ತೀರಿಕೊಂಡ ಮೇಲೆ ಆ ಡಬ್ಬಿಗೆ ನಮ್ಮ ಮನೆಯಲ್ಲಿ ದೇವರ ಕೋಣೆಯ ಪಕ್ಕ ಜಾಗ ಸಿಕ್ಕಿತು. ತಾಳಮದ್ದಳೆಗಳೂ ಇವೆ. ಅಕ್ಕನ ಮಗಳು ಒಂದು ರಜೆಯಿಡೀ ಕೂತು ಅವನ್ನೆಲ್ಲ ಕಂಪ್ಯೂಟರಿಗೆ ಏರಿಸಿ, ಹೆಬ್ಬೆರಳಿನಷ್ಟಗಲದ ಒಂದು ಎಂಪಿ3 ಪ್ಲೇಯರಿಗೆ ತುಂಬಿಸಿಕೊಟ್ಟಳು. 8 ಜಿಬಿಯ ಪ್ಲೇಯರಿನಲ್ಲಿ 128 ಕೆಬಿಪಿಎಸ್ ಲೆಕ್ಕದಲ್ಲಿ ನೂರಮೂವತ್ತು ಗಂಟೆಗೂ ಹೆಚ್ಚು ಹಿಡಿಯುತ್ತದೆ. ಅರವತ್ತು ಕ್ಯಾಸೆಟ್ಟಿಗೆ ಧಾರಾಳ. ಮೂಲ ಕ್ಯಾಸೆಟ್ಟುಗಳನ್ನೇ ಕಾರಿನಲ್ಲಿ ಹಾಕಬಹುದಲ್ಲ ಎಂದು ಕೇಳಬೇಡಿ. ನಲವತ್ತು ವರ್ಷದ ಟೇಪನ್ನು ಇಪ್ಪತ್ತು ವರ್ಷದ ಡೆಕ್ಕಿಗೆ ಕೊಟ್ಟರೆ, ಅದು ಒಂದು ದಿನ ನೂಲು ಎಳೆದಂತೆ ಎಳೆದು ಹಾಕುತ್ತದೆ.

ಮೊಬೈಲಿಗೆ ತುಂಬಿಸಬಹುದಿತ್ತು. ಆದರೆ ಗಾಜಿನ ಮೇಲೆ ಬೆರಳು ಜಾರಿಸುವುದು ಅವರಿಗೆ ಆಗಿಬರುವುದಿಲ್ಲ, ನಡುವೆ ಫೋನ್ ಬಂದರೆ ಪದ ನಿಲ್ಲುತ್ತದೆ. ಪ್ಲೇಯರಿಗಾದರೆ ಗುಂಡಿಗಳಿವೆ, ನೋಡದೆಯೂ ಒತ್ತಬಹುದು. ಇಯರ್‌ಫೋನ್ ಸಾಧ್ಯವಿಲ್ಲ, ಕಿವಿಯಲ್ಲಿ ಶ್ರವಣಯಂತ್ರ ಇದೆ. ಹಾಗಾಗಿ ಕಾರಿನ ಸ್ಪೀಕರೇ ಬೇಕು.

ಸ್ಟೀರಿಯೊವನ್ನೇ ಬದಲಿಸಿ ಎಂದು ಯಾರೂ ಹೇಳುತ್ತಾರೆ. ನಿಮ್ಮ ಕಾರಿನಲ್ಲಿರುವುದು 180 ಮಿ.ಮೀ. ಅಗಲ, 50 ಮಿ.ಮೀ. ಎತ್ತರದ ಚೌಕಾಕಾರದ 'ಡಿನ್' ಅಳತೆಯ ಪೆಟ್ಟಿಗೆಯಾದರೆ ಅದೇ ಸರಿ. ಲ್ಯಾಮಿಂಗ್ಟನ್ ರಸ್ತೆಯಲ್ಲೋ, ಪುಣೆಯವರಾದರೆ ಬುಧವಾರ ಪೇಟೆಯಲ್ಲೋ, ಅರ್ಧ ದಿನದಲ್ಲಿ ಹೊಸದು ಕೂರಿಸಿಕೊಡುತ್ತಾರೆ. ನಮ್ಮದು ಹಾಗಲ್ಲ. ಡ್ಯಾಶ್‌ಬೋರ್ಡಿನ ಬಾಗಿಗೆ ತಕ್ಕಂತೆ ಎರಕ ಹೊಯ್ದ ಮುಖ, ಗಡಿಯಾರ ಮತ್ತು ಎಸಿಯ ಗುಂಡಿಗಳು ಅದರ ಮೈಗೇ ಅಂಟಿಕೊಂಡಿವೆ. ಅದನ್ನು ಕಿತ್ತರೆ ಹೊಸದರ ಸುತ್ತ ಕೂರಿಸುವ ಚೌಕಟ್ಟು ಹುಡುಕಬೇಕು. ಅಂಗಡಿಯವರು ತೋರಿಸುವ ಟಚ್‌ಸ್ಕ್ರೀನ್ ಮತ್ತೆ ಗಾಜೇ, ಅಪ್ಪಯ್ಯನಿಗೆ ಉಪಯೋಗವಿಲ್ಲ. ಈಗಿರುವ ಸ್ಟೀರಿಯೊದ ಧ್ವನಿಯಲ್ಲಂತೂ ದೋಷವಿಲ್ಲ. ಅದಕ್ಕೆ ಒಳಗೆ ಹೋಗುವ ಒಂದು ದಾರಿ ಬೇಕು, ಅಷ್ಟೆ.

ಮೊದಲು ಪ್ರಯೋಗಿಸಿ ನೋಡಿದ್ದು ಪಕ್ಕದ ಮನೆಯವರಿಂದ ಎರವಲು ತಂದ ಎಫ್‌ಎಂ ಟ್ರಾನ್ಸ್‌ಮಿಟರ್. ಸಿಗರೇಟ್ ಲೈಟರಿನ 12 ವೋಲ್ಟ್ ತೂತಿಗೆ ಸಿಕ್ಕಿಸಿ, ಪ್ಲೇಯರಿನ ವೈರನ್ನು ಅದಕ್ಕೆ ಕೊಟ್ಟರೆ ಅದು ಕಾರಿನೊಳಗೇ ಒಂದು ಪುಟ್ಟ ಬಾನುಲಿ ಕೇಂದ್ರವಾಗುತ್ತದೆ. ಅದು ಬಿಡುವ ತರಂಗಾಂತರಕ್ಕೆ ನಮ್ಮ ರೇಡಿಯೊವನ್ನು ತಿರುಗಿಸಿದರಾಯಿತು. ಯಾವ ಹಳೇ ಕಾರಿಗೂ ಆಗುತ್ತದೆ, ಏನನ್ನೂ ಬಿಚ್ಚಬೇಕಾಗಿಲ್ಲ. ಊರಲ್ಲಾಗಿದ್ದರೆ ಇಷ್ಟಕ್ಕೇ ಲೇಖನ ಮುಗಿಯುತ್ತಿತ್ತು. ಮುಂಬೈಯ ಆಕಾಶದಲ್ಲಿ ಖಾಲಿ ಜಾಗ ಎಲ್ಲಿದೆ? 91.1, 92.7, 93.5, 94.3, 98.3, ಆಕಾಶವಾಣಿಯ 100.7 ಮತ್ತು 107.1, ನಡುನಡುವೆ ಇನ್ನೂ ಕೆಲವು. ಎರಡೂ ಬದಿಗೆ ಅರ್ಧ ಮೆಗಾಹರ್ಟ್ಸ್‌ನಷ್ಟಾದರೂ ಬಿಡುವಿರುವ ಜಾಗ ಹುಡುಕಬೇಕು. ಎಫ್‌ಎಂನ ಸ್ವಭಾವವೇ ವಿಚಿತ್ರ: ಒಂದೇ ತರಂಗಾಂತರದಲ್ಲಿ ಎರಡು ಬಂದರೆ ಎರಡೂ ಕಲಸಿ ಕೇಳುವುದಿಲ್ಲ, ಬಲವಾದದ್ದು ದುರ್ಬಲವಾದದ್ದನ್ನು ನುಂಗಿಬಿಡುತ್ತದೆ. ನಾವು ಮಲಾಡಿನ ಸಿಗ್ನಲ್ಲಿನಲ್ಲಿ ನಿಂತಾಗ, ಪಕ್ಕದ ಟ್ಯಾಕ್ಸಿಯವನ ಟ್ರಾನ್ಸ್‌ಮಿಟರೂ ಅದೇ ಜಾಗದಲ್ಲಿತ್ತೆಂದು ಕಾಣುತ್ತದೆ, ಭೀಷ್ಮ ಬಾಣ ಹೂಡುತ್ತಿದ್ದಲ್ಲಿ ಭಾಂಗ್ಡಾ ಶುರುವಾಯಿತು. ಸಿಗ್ನಲ್ ಹಸಿರಾಗುವವರೆಗೆ ಕುರುಕ್ಷೇತ್ರಕ್ಕೆ ವಿರಾಮ.

ಇದಕ್ಕೊಂದು ಉಪಾಯ ಹೇಳುತ್ತೇನೆ. ಎಳೆದು ಉದ್ದ ಮಾಡುವ ಆಂಟೆನಾ ಇರುವ ಕಾರಾದರೆ ಅದನ್ನು ಪೂರ್ತಿ ಒಳಗೆ ತಳ್ಳಿಬಿಡಿ. ಹೊರಗಿನ ಕೇಂದ್ರಗಳು ಸೊರಗುತ್ತವೆ, ಒಳಗಿನ ಪುಟ್ಟ ಕೇಂದ್ರಕ್ಕೆ ಮೇಲುಗೈ ಸಿಗುತ್ತದೆ. ನಮಗೂ ಬಹಳಷ್ಟು ಸುಧಾರಿಸಿತು. ಆದರೂ ಅಪ್ಪಯ್ಯ ಒಪ್ಪಲಿಲ್ಲ. "ಇದ್ ಚಂಡಿ ಅಲ್ಲ ಮಾರಾಯ, ಎಣ್ಣಿ ಡಬ್ಬಿ ಬಡ್ದಂಗ್ ಇತ್ತ್" ಎಂದರು.

ಅವರ ಮಾತಿನಲ್ಲಿ ಸತ್ಯವಿತ್ತು. ಎಫ್‌ಎಂ ಪ್ರಸಾರದಲ್ಲಿ ಸುಮಾರು 15 ಕಿಲೋಹರ್ಟ್ಸ್‌ಗಿಂತ ಮೇಲಿನ ನಾದಕ್ಕೆ ಜಾಗವಿಲ್ಲ. ಆದರೆ ಚಂಡೆ ಕೆಡುವುದು ಅದರಿಂದಲ್ಲ. ಮದ್ದಳೆಯ ಮೆಲು ನುಡಿಗಳ ನಡುವೆ ಚಂಡೆಯ ಪೆಟ್ಟು ದಿಢೀರನೆ ಹಲವು ಪಟ್ಟು ಜೋರಾಗಿ ಏಳುತ್ತದೆ. ಅಗ್ಗದ ಟ್ರಾನ್ಸ್‌ಮಿಟರಿಗೆ ಅಷ್ಟು ಎತ್ತರದ ಅಲೆ ತಡೆಯದು, ತಲೆ ಕತ್ತರಿಸಿ ಕಳಿಸುತ್ತದೆ. ಪ್ಲೇಯರಿನ ವಾಲ್ಯೂಮ್ ಇಳಿಸಿದರೆ ಚಂಡೆ ಸರಿಹೋಗುತ್ತದೆ, ಆಗ ಮಾತು 'ಶ್‌' ಎಂಬ ಸದ್ದಿನಲ್ಲಿ ಮುಳುಗುತ್ತದೆ. ನಿಮ್ಮ ಕಾರಿನ ಯಾವ ವ್ಯವಸ್ಥೆಯನ್ನು ಪರೀಕ್ಷಿಸುವುದಿದ್ದರೂ ಸಿನಿಮಾ ಹಾಡು ಹಾಕಬೇಡಿ. ಐದು ನಿಮಿಷ ಬಡಗುತಿಟ್ಟಿನ ಒಡ್ಡೋಲಗ ಹಾಕಿ, ಗುಣ ದೋಷ ಎಲ್ಲ ಹೊರಬೀಳುತ್ತದೆ.

ಟ್ರಾನ್ಸ್‌ಮಿಟರನ್ನು ಪೂರ್ತಿ ತಳ್ಳಿಹಾಕಲಾರೆ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಊರಿಗೆ ಹೋಗುವಾಗ ಕೊಂಕಣದ ಘಾಟಿಗಳಲ್ಲಿ ಆಕಾಶ ಖಾಲಿಯಿರುತ್ತದೆ, ಗಂಟೆಗಟ್ಟಲೆ ತಂಟೆಯಿಲ್ಲ. ಗೋವಾದ ಹತ್ತಿರ ಮತ್ತೆ ಜಾಗ ಹುಡುಕಬೇಕು. ಕಾರವಾರಕ್ಕೆ ಬಂದರೆ 102.3ರಲ್ಲಿ ಆಕಾಶವಾಣಿಯೇ ಕನ್ನಡದಲ್ಲಿ ಮಾತಾಡಿಸುತ್ತದೆ, ಯಂತ್ರವನ್ನು ತೆಗೆದಿಡಬಹುದು.

ನಮಗೆ ಒದಗಿದ್ದು ಮಾತ್ರ ಕ್ಯಾಸೆಟ್ ಅಡಾಪ್ಟರ್. ನೋಡಲು ಮಾಮೂಲಿ ಕ್ಯಾಸೆಟ್ಟು, ಒಳಗೆ ಟೇಪ್ ಇಲ್ಲ. ಅಂಚಿನಿಂದ ಒಂದು ತೆಳು ವೈರ್, ಅದರ ತುದಿಗೆ 3.5 ಮಿ.ಮೀ. ಪಿನ್. ಕ್ಯಾಸೆಟ್ಟು ಹಾಡುವುದು ಹೇಗೆಂದು ನೆನಪಿಸಿಕೊಳ್ಳಿ: ಟೇಪಿನ ಮೇಲೆ ಕಾಂತೀಯವಾಗಿ ಅಚ್ಚಾದದ್ದು ಡೆಕ್ಕಿನ ಹೆಡ್ ಮುಂದೆ ಹಾದುಹೋಗುವಾಗ ಅದರ ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ, ಅದನ್ನೇ ದೊಡ್ಡದು ಮಾಡಿ ಸ್ಪೀಕರಿಗೆ ಕಳಿಸುತ್ತಾರೆ. ಅಡಾಪ್ಟರು ತನ್ನದೊಂದು ಪುಟ್ಟ ಹೆಡ್ಡನ್ನು ಡೆಕ್ಕಿನ ಹೆಡ್ಡಿಗೆ ಮುಖಾಮುಖಿ ನಿಲ್ಲಿಸುತ್ತದೆ. ಪ್ಲೇಯರಿನ ವಿದ್ಯುತ್ತು ಅದರಲ್ಲಿ ಕಾಂತಕ್ಷೇತ್ರವಾಗಿ ಏರಿಳಿಯುತ್ತದೆ, ಡೆಕ್ಕು ಅದನ್ನು ಟೇಪೇ ಎಂದು ನಂಬುತ್ತದೆ. ಗಾಳಿಯಲ್ಲಿ ಹೋಗುವುದು ಏನೂ ಇಲ್ಲವಾದ್ದರಿಂದ ಪಕ್ಕದ ಟ್ಯಾಕ್ಸಿಯ ಭಯವಿಲ್ಲ. ಬೆಲೆ ಮುನ್ನೂರು ರೂಪಾಯಿಯ ಆಸುಪಾಸು. ಇಷ್ಟು ಸರಳವಾದ, ಇಷ್ಟು ಜಾಣತನದ ವಸ್ತುವನ್ನು ನಾನು ಕಾರಿನ ಅಂಗಡಿಯಲ್ಲಿ ಬೇರೆ ಕಂಡಿಲ್ಲ.

ಅದಕ್ಕೂ ಸೇವೆ ಬೇಕು. ಮೊದಲನೆಯದು ಡೆಕ್ಕಿನ ಹೆಡ್. ವರ್ಷಗಟ್ಟಲೆ ಓಡಿದ ಟೇಪುಗಳ ಕಂದು ಪುಡಿ ಅದರ ಮೇಲೆ ಕೂತಿರುತ್ತದೆ. ಉದ್ದ ಕಡ್ಡಿಗೆ ಹತ್ತಿ ಸುತ್ತಿ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿ, ಬಾಯಿಯ ಮುಚ್ಚಳ ಎತ್ತಿ, ಟಾರ್ಚ್ ಹಿಡಿದು ಮೆಲ್ಲಗೆ ಒರೆಸಬೇಕು. ಹತ್ತಿ ಬೆಳ್ಳಗೆ ಹೊರಬರುವವರೆಗೆ ಬಿಡಬೇಡಿ. ನಮ್ಮ ಕಾರಿನಲ್ಲಿ ಇದೊಂದರಿಂದಲೇ ಧ್ವನಿಯ ಮೇಲಿದ್ದ ಕಂಬಳಿ ತೆಗೆದಂತಾಯಿತು.

ಎರಡನೆಯದು ಆಟೊ ರಿವರ್ಸ್. ಟೇಪ್ ಮುಗಿಯಿತೇ ಎಂದು ತಿಳಿಯಲು ಡೆಕ್ಕು ಕ್ಯಾಸೆಟ್ಟಿನ ಚಕ್ರ ತಿರುಗುತ್ತಿದೆಯೇ ಎಂದು ನೋಡುತ್ತಿರುತ್ತದೆ. ಅದಕ್ಕಾಗಿಯೇ ಅಡಾಪ್ಟರಿನೊಳಗೆ ಸಣ್ಣ ಹಲ್ಲುಚಕ್ರಗಳಿವೆ. ಅವು ಬಿಗಿಯಾದರೆ ಡೆಕ್ಕು ಮಗ್ಗುಲು ಬದಲಿಸುತ್ತದೆ, ಪದ ಸೊರಗುತ್ತದೆ, ಮತ್ತೆ ಬದಲಿಸುತ್ತದೆ, ಟಕ್ ಟಕ್ ಎನ್ನುತ್ತ ಕೂರುತ್ತದೆ. ಅಂಗಡಿಯಲ್ಲಿ ಕೊಳ್ಳುವಾಗಲೇ ಪೆನ್ಸಿಲ್ ತೂರಿಸಿ ಎರಡೂ ಚಕ್ರ ಹಗುರಾಗಿ ತಿರುಗುತ್ತವೆಯೇ ನೋಡಿಕೊಳ್ಳಿ. ಕ್ಯಾಸೆಟ್ ಕಾಲದವರಿಗೆ ಪೆನ್ಸಿಲ್ಲಿನ ಉಪಯೋಗ ಹೇಳಿಕೊಡಬೇಕಾಗಿಲ್ಲ.

ಧ್ವನಿಯ ಮಟ್ಟ ಹೊಂದಿಸುವುದಕ್ಕೂ ಒಂದು ಕ್ರಮವಿದೆ. ಪ್ಲೇಯರಿನ ವಾಲ್ಯೂಮನ್ನು ಮುಕ್ಕಾಲು ಪಾಲಿಗಿಂತ ಸ್ವಲ್ಪ ಮೇಲಿಟ್ಟು ಅಲ್ಲೇ ಬಿಟ್ಟು, ಮುಂದಿನದನ್ನೆಲ್ಲ ಸ್ಟೀರಿಯೊದ ಗುಂಡಿಯಲ್ಲಿ ಮಾಡಬೇಕು. ಪ್ಲೇಯರನ್ನು ತೀರ ತಗ್ಗಿಸಿ ಸ್ಟೀರಿಯೊ ಏರಿಸಿದರೆ ಟೇಪಿನ 'ಶ್‌' ಕೂಡ ಏರುತ್ತದೆ. ಪಿನ್ ಪೂರ್ತಿ ಒಳಗೆ ಕೂತಿದೆಯೇ ಎಂದೂ ನೋಡಿ. ಅರ್ಧ ಕೂತರೆ ಅರ್ತಿಂಗ್ ತಪ್ಪಿ ಎಡ ಬಲಗಳ ವ್ಯತ್ಯಾಸ ಮಾತ್ರ ಸ್ಪೀಕರಿಗೆ ಬರುತ್ತದೆ. ಸಿನಿಮಾ ಹಾಡಾದರೆ ವಾದ್ಯ ಇರುತ್ತದೆ, ಗಾಯಕರು ಮಾಯ. ನಮ್ಮ ಟೇಪುಗಳಂತೆ ಮೊನೊ ಆದರೆ ಹೆಚ್ಚುಕಡಿಮೆ ಮೌನ. ಪ್ಲೇಯರ್ ಕೆಟ್ಟಿತೆಂದು ರಿಪೇರಿಗೆ ಓಡುವ ಮುನ್ನ ಒಮ್ಮೆ ಪಿನ್ ಒತ್ತಿ.

ಇನ್ನೊಂದು ಕಾಟ ಎಂಜಿನ್ನಿನದು. ಪ್ಲೇಯರನ್ನಾಗಲಿ ಫೋನನ್ನಾಗಲಿ ಕಾರಿನ ಲೈಟರ್ ತೂತಿನಿಂದಲೇ ಚಾರ್ಜ್ ಮಾಡುತ್ತ ವೈರಿನಲ್ಲಿ ಹಾಡು ಕೇಳಿದರೆ, ಆಕ್ಸಿಲರೇಟರ್ ಒತ್ತಿದಂತೆಲ್ಲ 'ಕುಂಯ್' ಎಂಬ ಸದ್ದು ಏರಿಳಿಯಬಹುದು. ಅದು ಆಲ್ಟರ್ನೇಟರಿನ ಧ್ವನಿ, ಎರಡು ಕಡೆಯಿಂದ ಅರ್ತಿಂಗ್ ಆದಾಗ ಒಳನುಸುಳುತ್ತದೆ. ಚಾರ್ಜರ್ ತೆಗೆದರೆ ನಿಲ್ಲುತ್ತದೆ. ಆಕ್ಸ್ ಇರುವ ಕಾರಿನವರು, ಚಾರ್ಜ್ ಮಾಡಲೇಬೇಕೆಂದಿದ್ದರೆ, ನಡುವೆ ಸಿಕ್ಕಿಸುವ 'ಗ್ರೌಂಡ್ ಲೂಪ್ ಐಸೊಲೇಟರ್' ಎಂಬ ಪುಟ್ಟ ಡಬ್ಬಿ ಕೊಳ್ಳಬಹುದು. ಅದರೊಳಗೆ ಇರುವುದು ಎರಡು ಸಣ್ಣ ಟ್ರಾನ್ಸ್‌ಫಾರ್ಮರ್ ಮಾತ್ರ. ನಾವು ಮನೆಯಲ್ಲೇ ರಾತ್ರಿ ಚಾರ್ಜ್‌ಗೆ ಹಾಕುತ್ತೇವೆ.

ಕ್ಯಾಸೆಟ್ಟಿನ ಬಾಯಿ ಇಲ್ಲದ, ಸಿಡಿ ಮಾತ್ರ ಇರುವ ಕಾರುಗಳಿಗೆ ಹಿಂಬಾಗಿಲೊಂದಿದೆ. ಕೆಲವು ಸ್ಟೀರಿಯೊಗಳ ಹಿಂದೆ ಸಿಡಿ ಚೇಂಜರ್ ಜೋಡಿಸುವ ಸಾಕೆಟ್ ಇರುತ್ತದೆ. 'ನಾನೇ ಚೇಂಜರ್' ಎಂದು ಸ್ಟೀರಿಯೊವನ್ನು ನಂಬಿಸುವ ಪೆಟ್ಟಿಗೆಗಳು ಸಿಗುತ್ತವೆ, ಅವುಗಳಲ್ಲಿ ಆಕ್ಸ್, ಯುಎಸ್‌ಬಿ ಎರಡೂ ಇರುತ್ತವೆ. ಧ್ವನಿ ಎಲ್ಲಕ್ಕಿಂತ ಶುದ್ಧ. ಕಾರಿನ ಮಾದರಿಗೆ ಸರಿಯಾದದ್ದೇ ಬೇಕು, ಸ್ಟೀರಿಯೊ ಹೊರಗೆಳೆಯಲು ಕೈ ಪಳಗಿದವರೇ ಬೇಕು. ಬ್ಯಾಟರಿ ತಂತಿ ಬಿಚ್ಚುವ ಮುನ್ನ ಸ್ಟೀರಿಯೊದ ಕಳ್ಳತನ ತಡೆಯುವ ಕೋಡ್ ನಂಬರು ನಿಮ್ಮ ಬಳಿ ಇದೆಯೇ ಖಚಿತಪಡಿಸಿಕೊಳ್ಳಿ. ಕೋಡ್ ಕೇಳುವ ಮಾದರಿಯಾದರೆ, ವಿದ್ಯುತ್ ಹೋಗಿ ಬಂದ ಮೇಲೆ ಅದಿಲ್ಲದೆ ಅದು ಬಾಯಿ ಬಿಡುವುದಿಲ್ಲ. ಒಳಗಿನ ಬೋರ್ಡಿಗೆ ನೇರ ವೈರ್ ಬೆಸೆದುಕೊಡುತ್ತೇವೆ ಎನ್ನುವವರೂ ಇದ್ದಾರೆ. ಅವರು ಅದೇ ಮಾದರಿಯಲ್ಲಿ ಮಾಡಿದ್ದನ್ನು ಕೇಳಿಸಿದರೆ ಮಾತ್ರ ಒಪ್ಪಿ.

ನಮ್ಮ ಕಾರಿನಲ್ಲಿ ಈಗ ಪ್ಲೇಯರ್ ಇರುವುದು ಅಪ್ಪಯ್ಯನ ಬಲಗೈಯಲ್ಲಿ. ಎಡಗೈ ಸೂಜಿಗೆ ಮೀಸಲು. ಏನು ಹಾಕಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದರಲ್ಲಿ ನನಗೆ ಮಾತಿಲ್ಲ. ನಾನು ರಸ್ತೆ ನೋಡಿದರೆ ಸಾಕು. ಹೋಗುವಾಗ ಪದ, ಚಂಡೆ, ಯುದ್ಧ. ಬರುವಾಗ ಸೋತಿರುತ್ತಾರೆ, ತಾಳಮದ್ದಳೆ ಹಾಕುತ್ತಾರೆ, ಸಣ್ಣ ಧ್ವನಿಯಲ್ಲಿ. ಕೃಷ್ಣ ಸಂಧಾನದ ಕೌರವ ವಾದಕ್ಕಿಳಿಯುವ ಹೊತ್ತಿಗೆ ಕೆಲವೊಮ್ಮೆ ಕಣ್ಣು ಮುಚ್ಚಿರುತ್ತದೆ. ನಿದ್ದೆಯೆಂದುಕೊಂಡು ನಾನು ವಾಲ್ಯೂಮ್ ಇಳಿಸಹೋದರೆ, "ಕೇಂತಾ ಇದ್ದೆ, ಬಿಡ್" ಎಂಬ ಉತ್ತರ ಬರುತ್ತದೆ.

ಅಡಾಪ್ಟರಿನ ವೈರು ಬಾಯಿಯ ಅಂಚಿನಲ್ಲಿ ಮಡಚಿ ಮಡಚಿ ಒಂದಲ್ಲ ಒಂದು ದಿನ ಕಡಿಯುವುದು ಖಂಡಿತ. ಕ್ಯಾಸೆಟ್ ಡೆಕ್ಕಿನ ಕಾರುಗಳು ಕಡಿಮೆಯಾದಂತೆ ಅಂಗಡಿಗಳಲ್ಲಿ ಇವೂ ಕಡಿಮೆಯಾಗುತ್ತಿವೆ. ಲ್ಯಾಮಿಂಗ್ಟನ್ ರಸ್ತೆಯ ಒಂದು ಅಂಗಡಿಯಲ್ಲಿ ಮೂರು ಉಳಿದಿದ್ದವು, ಮೂರನ್ನೂ ತಂದೆ. ಒಂದು ಡೆಕ್ಕಿನಲ್ಲಿದೆ, ಎರಡು ಡ್ಯಾಶ್‌ಬೋರ್ಡಿನ ಖಾನೆಯಲ್ಲಿ, ಆಸ್ಪತ್ರೆಯ ಫೈಲಿನ ಪಕ್ಕ.