ಕೊಡಗಿನ ಕೋವಿಯೂ ಅಪರಾಧದ ಲೆಕ್ಕವೂ

ಗದ್ದೆಗಳಲ್ಲಿ ನಾಟಿಯ ಕೆಲಸ ಮುಗಿದು, ಕೆಸರು ಮೆತ್ತಿದ ನೇಗಿಲು ನೊಗಗಳನ್ನು ತೊಳೆದು ಮೂಲೆಗೆ ಸೇರಿಸಿದ ಮೇಲೆ, ಸೆಪ್ಟೆಂಬರ್ ತಿಂಗಳ ಮೊದಲ ವಾರದಲ್ಲಿ ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬ ಬರುತ್ತದೆ. ಅಂದು ಮನೆಯಲ್ಲಿರುವ ಕೋವಿ ಕತ್ತಿಗಳನ್ನೆಲ್ಲ ಒರೆಸಿ, ಎಣ್ಣೆ ಸವರಿ, ದೀಪದ ಮುಂದೆ ಸಾಲಾಗಿ ಇಡುತ್ತಾರೆ. ಕೋವಿಯ ನಳಿಗೆಗೆ ‘ತೋಕ್ ಪೂ’ ಸಿಕ್ಕಿಸುತ್ತಾರೆ. ತೋಕ್ ಎಂದರೆ ಕೋವಿ, ಪೂ ಎಂದರೆ ಹೂ. ಮಳೆಗಾಲದಲ್ಲಿ ಬೇಲಿಯ ಮೇಲೆ ಹಬ್ಬಿ ಬೆಂಕಿಯ ನಾಲಗೆಯಂತೆ ಅರಳುವ ಈ ಹೂವನ್ನೇ ಇತರ ಕಡೆಗಳಲ್ಲಿ ಅಗ್ನಿಶಿಖೆ ಎನ್ನುವುದುಂಟು. ಪೂಜೆಯಾದ ಬಳಿಕ ಕೋವಿ ಹಿರಿಯರ ಕೈಯಿಂದ ಕಿರಿಯರ ಕೈಗೆ ಬರುತ್ತದೆ. ಕಡಂಬಿಟ್ಟಿನ ಊಟ ತೀರಿಸಿಕೊಂಡು ಊರವರು ಬಯಲಿನಲ್ಲಿ ಕೂಡುತ್ತಾರೆ. ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಸ್ಪರ್ಧೆ ನಡೆಯುತ್ತದೆ. ಗಂಡಸರೊಡನೆ ಹೆಂಗಸರೂ ಗುರಿ ಹಿಡಿದು ನಿಲ್ಲುವುದುಂಟು.

ಬೆಂಗಳೂರಿನಿಂದಲೋ ಮೈಸೂರಿನಿಂದಲೋ ನೆಂಟರಾಗಿ ಬಂದವರಿಗೆ ಇದೊಂದು ಸೋಜಿಗದ ನೋಟ. ಏಕೆಂದರೆ ಅವರ ಊರಿನಲ್ಲಿ ಒಂದು ಕೋವಿಯನ್ನು ಇಟ್ಟುಕೊಳ್ಳಬೇಕಾದರೆ ಅರ್ಜಿ ಹಾಕಬೇಕು, ಕಾರಣ ಹೇಳಬೇಕು, ಪೊಲೀಸರ ವಿಚಾರಣೆಗೆ ಒಳಪಡಬೇಕು, ಪರವಾನಗಿ ಪಡೆಯಬೇಕು. 1959ರ ಆಯುಧ ಶಾಸನದ ಮೂರನೆಯ ಕಲಮು ಹೇಳುವುದು ಇದನ್ನೇ. ಆದರೆ ಕೊಡವ ಜನಾಂಗದವರಿಗೂ, ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಈ ಪರವಾನಗಿಯ ಕಟ್ಟಳೆಯಿಂದ ವಿನಾಯಿತಿ ಇದೆ. ಜಿಲ್ಲಾಧಿಕಾರಿಗಳ ಕಚೇರಿಯಿಂದ ವಿನಾಯಿತಿ ಪತ್ರವೊಂದನ್ನು ಪಡೆದರಾಯಿತು. ಭಾರತದ ಮತ್ತಾವ ಜಿಲ್ಲೆಯಲ್ಲಿಯೂ ಒಂದು ಜನಾಂಗಕ್ಕೆ ಹೀಗೆ ಕೋವಿಯ ಹಕ್ಕು ದೊರೆತಿರುವುದು ಕಾಣುವುದಿಲ್ಲ.

ಅಪರಾಧವನ್ನು ತಡೆಯುವ ಉಪಾಯಗಳಲ್ಲಿ ಆಯುಧದ ಮೇಲಿನ ಹತೋಟಿ ಬಹು ಹಳೆಯದು. ಆಯುಧ ಕೈಗೆ ಸುಲಭವಾಗಿ ಸಿಕ್ಕಿದರೆ ಕೊಲೆ ಹೆಚ್ಚುತ್ತದೆ ಎಂಬುದು ಆ ಉಪಾಯದ ಹಿಂದಿರುವ ನಂಬಿಕೆ. ಹಾಗಾದರೆ ನೂರ ಅರುವತ್ತು ವರ್ಷಗಳಿಗೂ ಮೀರಿ ಆ ಹತೋಟಿಯ ಹೊರಗೆ ಉಳಿದ ಕೊಡಗು ಏನನ್ನು ತೋರಿಸಿಕೊಡುತ್ತದೆ?

ಕಬ್ಬನ್ನರ ಆಜ್ಞೆ

1834ರಲ್ಲಿ ಕೊನೆಯ ಅರಸ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಇಂಗ್ಲಿಷರು ಕೊಡಗನ್ನು ತಮ್ಮ ಆಡಳಿತಕ್ಕೆ ಸೇರಿಸಿಕೊಂಡರು. 1857ರ ಮಹಾದಂಗೆಯ ನಂತರ ದೇಶವನ್ನೆಲ್ಲ ನಿರಾಯುಧಗೊಳಿಸುವ ಕಾನೂನು ಬಂತು. ಆಗ ಮೈಸೂರು ಮತ್ತು ಕೊಡಗಿನ ಕಮೀಷನರಾಗಿದ್ದವರು ಸರ್ ಮಾರ್ಕ್ ಕಬ್ಬನ್. ಕೊಡವರ ಶೌರ್ಯವನ್ನೂ ನಿಷ್ಠೆಯನ್ನೂ ಹೊಗಳಿ, ಈ ಪುಟ್ಟ ಯೋಧಜನಾಂಗಕ್ಕೆ ನಿರಾಯುಧೀಕರಣದ ಕಾನೂನು ಅನ್ವಯಿಸಕೂಡದೆಂದು ಅವರು 1861ರ ಫೆಬ್ರವರಿಯಲ್ಲಿ ಆಜ್ಞೆ ಹೊರಡಿಸಿದರು. ಹೊಗಳಿಕೆಯ ಹಿಂದೆ ಲೆಕ್ಕಾಚಾರ ಇರಲಿಲ್ಲವೆಂದು ತಿಳಿಯಬೇಕಾಗಿಲ್ಲ. ದಂಗೆಯ ಬಿಸಿ ಇನ್ನೂ ಆರದಿದ್ದ ಕಾಲದಲ್ಲಿ ತಮ್ಮ ಪಕ್ಷದಲ್ಲಿ ನಿಂತವರನ್ನು ಮೆಚ್ಚಿಸಿಕೊಳ್ಳುವುದು ಆಳುವವರಿಗೆ ಅಗತ್ಯವಾಗಿತ್ತು.

ಜಮ್ಮಾ ಹಿಡುವಳಿಯ ಮಾತು ಇನ್ನೂ ಹಳೆಯದು. ರಾಜರ ಕಾಲದಲ್ಲಿ ಕಡಿಮೆ ಕಂದಾಯಕ್ಕೆ ವಂಶಪಾರಂಪರ್ಯವಾಗಿ ಭೂಮಿ ಪಡೆದ ಒಕ್ಕಲು, ಕರೆ ಬಂದಾಗ ಆಯುಧ ಹಿಡಿದು ಹೊರಡಬೇಕಾಗಿತ್ತು. ಕೊಡವರಷ್ಟೇ ಅಲ್ಲ, ಅರೆಭಾಷೆಯ ಗೌಡರೇ ಮೊದಲಾದವರೂ ಜಮ್ಮಾ ಹಿಡುವಳಿದಾರರಾಗಿದ್ದಾರೆ. ಭೂಮಿಯ ಜೊತೆಗೆ ಬಂದ ಹೊಣೆ ಕಾಲಕ್ರಮದಲ್ಲಿ ಹಕ್ಕಾಗಿ ಉಳಿಯಿತು. 1963ರಲ್ಲಿ ಭಾರತ ಸರ್ಕಾರ ಹೊಸ ಶಾಸನದ ಕೆಳಗೆ ಅದನ್ನು ಮುಂದುವರಿಸಿತು. 2019ರ ಅಕ್ಟೋಬರಿನಲ್ಲಿ ಮತ್ತೆ ಹತ್ತು ವರ್ಷಗಳಿಗೆ, ಎಂದರೆ 2029ರ ಅಕ್ಟೋಬರ್ 31ರ ವರೆಗೆ, ವಿಸ್ತರಿಸಿತು.

ಈ ವಿಸ್ತರಣೆಗೆ ಕೇಂದ್ರ ಗೃಹ ಇಲಾಖೆ ಕೊಟ್ಟ ಕಾರಣವನ್ನು ಗಮನಿಸಬೇಕು: ವಿನಾಯಿತಿ ಪಡೆದ ಆಯುಧಗಳು ಅಪರಾಧಕ್ಕಾಗಲಿ ದೇಶದ್ರೋಹಕ್ಕಾಗಲಿ ಬಳಕೆಯಾದ ನಿದರ್ಶನವಿಲ್ಲ ಎಂಬುದು ಅದರ ಇಂಗಿತ. ಜನಾಂಗದ ಆಧಾರದ ಮೇಲೆ ಹೀಗೆ ಭೇದ ಮಾಡುವುದು ಸಂವಿಧಾನದ ಸಮಾನತೆಯ ವಿಧಿಗೆ ವಿರುದ್ಧವೆಂದು ಕೊಡಗಿನವರೇ ಆದ ನಿವೃತ್ತ ಸೇನಾಧಿಕಾರಿಯೊಬ್ಬರು ಉಚ್ಚ ನ್ಯಾಯಾಲಯದ ಬಾಗಿಲು ತಟ್ಟಿದರು. 2021ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಅರ್ಜಿಯನ್ನು ತಳ್ಳಿಹಾಕಿ, ಇದು ಸ್ವಾತಂತ್ರ್ಯಪೂರ್ವದಿಂದ ಬಂದದ್ದು, ಅನಿರ್ದಿಷ್ಟ ಕಾಲದ್ದಲ್ಲ, ನಿಬಂಧನೆಗಳಿಗೆ ಒಳಪಟ್ಟದ್ದು ಎಂದು ವಿನಾಯಿತಿಯನ್ನು ಎತ್ತಿಹಿಡಿಯಿತು. ನ್ಯಾಯಾಲಯ ತೀರ್ಮಾನಿಸಿದ್ದು ವಿನಾಯಿತಿ ಸಂವಿಧಾನಬದ್ಧವೇ ಎಂಬುದನ್ನು. ಅದರಿಂದ ಅಪರಾಧ ಹೆಚ್ಚಿತೋ ತಗ್ಗಿತೋ ಎಂಬುದು ಬೇರೆ ಪ್ರಶ್ನೆ; ಅದು ನ್ಯಾಯಪೀಠದ ಮುಂದೆ ಬರುವಂಥದೂ ಅಲ್ಲ.

‘ನಿದರ್ಶನವಿಲ್ಲ’ ಎಂಬ ಮಾತಿನ ತೂಕ

‘ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಕೋವಿ ಇದೆ. ಯಾರು ಯಾರನ್ನು ಹೊಡೆದರು?’ ಎಂದು ಕೊಡಗಿನ ಹಿರಿಯರು ಕೇಳುತ್ತಾರೆ. ಪ್ರಶ್ನೆಯಲ್ಲಿ ಸತ್ಯಾಂಶವಿದೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವು ಸಂಭವಿಸಿದರೆ ಎರಡು ಗುಂಡು, ಪುತ್ತರಿಯಲ್ಲಿ ಮೊದಲ ಕದಿರು ಕೊಯ್ಯುವಾಗ ಒಂದು ಗುಂಡು: ಹೀಗೆ ಕೋವಿಯ ಸದ್ದು ಅಲ್ಲಿ ಸುದ್ದಿ ಸಾರುವ ಗಂಟೆಯಾಗಿದೆ. ಅದು ಒಕ್ಕದ ಆಸ್ತಿ. ಒಕ್ಕದ ಹಿರಿಯನ ಕಣ್ಣು ಅದರ ಮೇಲಿರುತ್ತದೆ. ಯಾರ ಮನೆಯಲ್ಲಿ ಯಾವ ಕೋವಿ ಇದೆಯೆಂಬುದು ಊರಿಗೆಲ್ಲ ಗೊತ್ತು. ಜಗಳ ಹತ್ತಿದರೆ ಊರ ತಕ್ಕರು ಕರೆಸಿ ಕೇಳುವ ಪದ್ಧತಿಯೂ ಬಹು ಕಾಲ ನಡೆದು ಬಂದದ್ದು.

ಆದರೂ ‘ನಿದರ್ಶನವಿಲ್ಲ’ ಎಂಬ ಮಾತನ್ನು ಇದ್ದಂತೆಯೇ ಒಪ್ಪುವುದು ಕಷ್ಟ. ಆಸ್ತಿಯ ಜಗಳದಲ್ಲಿ ದಾಯಾದಿಗಳ ನಡುವೆ ಗುಂಡು ಹಾರಿದ ಸುದ್ದಿ, ಕುಡಿದ ಅಮಲಿನಲ್ಲಿ ಕೋವಿಗೆ ಕೈ ಹೋದ ಸುದ್ದಿ, ಹಂದಿಯೆಂದು ತಿಳಿದು ಮನುಷ್ಯನಿಗೆ ಹೊಡೆದ ಸುದ್ದಿ ಜಿಲ್ಲೆಯ ಪತ್ರಿಕೆಗಳಲ್ಲಿ ಆಗಾಗ ಬಂದೇ ಇದೆ. ಇವುಗಳಲ್ಲಿ ಎಷ್ಟು ವಿನಾಯಿತಿಯ ಕೋವಿ, ಎಷ್ಟು ಪರವಾನಗಿಯ ಕೋವಿ, ಎಷ್ಟು ಕಳ್ಳಕೋವಿ ಎಂದು ಬೇರ್ಪಡಿಸಿ ನೋಡದ ಹೊರತು ಯಾವ ಪಕ್ಷವೂ ಗೆದ್ದಂತಲ್ಲ.

ಇನ್ನೊಂದು ತೊಡಕೂ ಇದೆ. ವಿನಾಯಿತಿ ದೊರೆತಿರುವುದು ಬಹುಮಟ್ಟಿಗೆ ಭೂಮಿಯುಳ್ಳ, ಓದಿದ, ಸೇನೆಯ ಶಿಸ್ತನ್ನು ಕಂಡ ಕುಟುಂಬಗಳಿಗೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಅಂಥವರನ್ನು ಕೊಟ್ಟ ನಾಡು ಅದು. ಇಂಥವರಲ್ಲಿ ಕೊಲೆ ಕಡಿಮೆಯಾಗಿದ್ದರೆ ಅದಕ್ಕೆ ಕಾರಣ ಕೋವಿಯ ನೀತಿಯೋ, ಮನೆತನದ ಸ್ಥಿತಿಯೋ? ಮೊದಲೇ ಜಾಣರಾದ ಹುಡುಗರನ್ನು ಮಾತ್ರ ಶಾಲೆಗೆ ಸೇರಿಸಿಕೊಂಡು, ಫಲಿತಾಂಶ ಬಂದಾಗ ಮೇಷ್ಟರ ಕೀರ್ತಿ ಹಾಡಿದಂತಾಗಬಾರದು. ಕೋವಿಯನ್ನು ವಿರೋಧಿಸುವವರೂ ಇದೇ ತಪ್ಪನ್ನು ತಿರುಗಿಸಿ ಮಾಡುತ್ತಾರೆ. ಅಮೆರಿಕದ ಶಾಲೆಗಳಲ್ಲಿ ಗುಂಡು ಹಾರಿದ್ದನ್ನು ತೋರಿಸಿ ಮಡಿಕೇರಿಗೆ ತೀರ್ಪು ಕೊಡುತ್ತಾರೆ.

ಪರೀಕ್ಷೆಗೆ ಒಡ್ಡಿದ ಉಪಾಯಗಳು

ಯಾವ ಉಪಾಯ ಫಲಿಸುತ್ತದೆಂದು ಊಹಿಸುವುದನ್ನು ಬಿಟ್ಟು ಪರೀಕ್ಷಿಸಿ ನೋಡುವ ಕ್ರಮ ಹೊಸದೇನಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದಲ್ಲಿ 1939ರಿಂದ 1945ರ ವರೆಗೆ, ದಾರಿ ತಪ್ಪಬಹುದಾದ ಹುಡುಗರಿಗೆ ಹಿತೈಷಿಗಳನ್ನು ನೇಮಿಸಿ ಬುದ್ಧಿ ಹೇಳಿಸುವ ಯೋಜನೆಯೊಂದು ನಡೆಯಿತು. ಹುಡುಗರನ್ನು ಎರಡು ಪಾಲು ಮಾಡಿ ಒಂದು ಪಾಲಿಗೆ ಮಾತ್ರ ಈ ನೆರವು. ಮೂವತ್ತು ವರ್ಷಗಳ ಮೇಲೆ ಜೋನ್ ಮೆಕಾರ್ಡ್ ಎಂಬ ವಿದುಷಿ ಅವರನ್ನೆಲ್ಲ ಹುಡುಕಿ ತೆಗೆದರು. ನೆರವು ಪಡೆದವರಲ್ಲಿ ಬಹುಮಂದಿ ತಮಗೆ ಉಪಕಾರವಾಯಿತೆಂದೇ ನೆನೆದರು. ಲೆಕ್ಕ ಹಾಕಿದರೆ ಅವರ ಬಾಳು ನೆರವು ಪಡೆಯದವರಿಗಿಂತ ಮೇಲಾಗಿರಲಿಲ್ಲ. ಕೆಲವು ಬಾಬುಗಳಲ್ಲಿ ಕೆಟ್ಟೇ ಇತ್ತು! ಸದುದ್ದೇಶವೂ ಕೃತಜ್ಞತೆಯೂ ಸಾಕ್ಷ್ಯವಾಗಲಾರವೆಂಬುದಕ್ಕೆ ಇದಕ್ಕಿಂತ ನೋವಿನ ಉದಾಹರಣೆ ಸಿಗುವುದು ಅಪರೂಪ.

ಪೊಲೀಸ್ ಗಸ್ತಿನ ವಿಷಯವೂ ಹಾಗೆಯೇ. 1972-73ರಲ್ಲಿ ಕಾನ್ಸಾಸ್ ನಗರದ ಕೆಲವು ವಿಭಾಗಗಳಲ್ಲಿ ವಾಡಿಕೆಯ ಗಸ್ತನ್ನು ನಿಲ್ಲಿಸಿದರು, ಕೆಲವಲ್ಲಿ ಎರಡು ಮೂರು ಪಟ್ಟು ಹೆಚ್ಚಿಸಿದರು, ಕೆಲವಲ್ಲಿ ಇದ್ದಂತೆ ಬಿಟ್ಟರು. ಅಪರಾಧದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಇಪ್ಪತ್ತು ವರ್ಷಗಳ ಮೇಲೆ ಅದೇ ನಗರದಲ್ಲಿ, ಗುಂಡಿನ ದಾಳಿಗಳು ಹೆಚ್ಚಾಗಿ ನಡೆಯುತ್ತಿದ್ದ ಒಂದೇ ವಿಭಾಗಕ್ಕೆ ಹೆಚ್ಚುವರಿ ಪೊಲೀಸರನ್ನು ಕಳುಹಿಸಿ, ಬೀದಿಯಲ್ಲಿ ಅಕ್ರಮವಾಗಿ ಆಯುಧ ಹೊತ್ತು ತಿರುಗುವವರನ್ನು ಮಾತ್ರ ಹುಡುಕಿಸಿದಾಗ, ಅಲ್ಲಿ ಕೋವಿಯ ಅಪರಾಧಗಳು ಸುಮಾರು ಅರ್ಧಕ್ಕಿಳಿದವು. ಊರೆಲ್ಲ ಸುತ್ತುವ ಗಸ್ತಿಗೆ ಆಗದ ಕೆಲಸ, ಗೊತ್ತಾದ ಜಾಗದಲ್ಲಿ ಗೊತ್ತಾದ ಉದ್ದೇಶಕ್ಕೆ ನಿಂತ ಗಸ್ತಿಗೆ ಆಯಿತು. ಕೊಡಗಿನ ಓದುಗರಿಗೆ ಇದರಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಅಲ್ಲಿ ಹಿಡಿದದ್ದು ಬೀದಿಯಲ್ಲಿ ಅಡಗಿಸಿಕೊಂಡು ಒಯ್ಯುತ್ತಿದ್ದ ಕೋವಿಯನ್ನು. ಮನೆಯ ಗೋಡೆಯ ಮೇಲಿನ ಕೋವಿಯನ್ನಲ್ಲ.

ನಮ್ಮ ದೇಶದಲ್ಲಿಯೂ ಇಂಥ ಪರೀಕ್ಷೆ ನಡೆದಿಲ್ಲವೆಂದಲ್ಲ. ರಾಜಸ್ಥಾನದಲ್ಲಿ ಪೊಲೀಸ್ ಅಧಿಕಾರಿ ನೀನಾ ಸಿಂಗ್ ಅವರೂ, 2019ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೋ ಅವರೂ ಕೂಡಿ 11 ಜಿಲ್ಲೆಗಳ 162 ಠಾಣೆಗಳಲ್ಲಿ ಹಲವು ಸುಧಾರಣೆಗಳನ್ನು ಬೇರೆ ಬೇರೆಯಾಗಿ ಪ್ರಯೋಗಿಸಿದರು. ಪೊಲೀಸರಿಗೆ ತರಬೇತಿ ಕೊಟ್ಟದ್ದು ಫಲಿಸಿತು. ಮೇಲಿಂದ ಮೇಲೆ ವರ್ಗಾಯಿಸುವುದನ್ನು ತಡೆದದ್ದೂ ಒಂದಿಷ್ಟು ಫಲ ಕೊಟ್ಟಿತು. ಠಾಣೆಯಲ್ಲಿ ಊರಿನ ಪ್ರತಿನಿಧಿಯೊಬ್ಬರನ್ನು ಕೂರಿಸುವ ಯೋಜನೆ, ಕಿವಿಗೆ ಎಷ್ಟು ಇಂಪಾಗಿದ್ದರೂ, ಕಾರ್ಯದಲ್ಲಿ ಸೊರಗಿತು. ಇನ್ನೊಂದು ಪ್ರಯೋಗದಲ್ಲಿ, ಕುಡಿದು ವಾಹನ ನಡೆಸುವವರನ್ನು ತಡೆಯಲು ದಿನಕ್ಕೊಂದು ಜಾಗದಲ್ಲಿ ತಪಾಸಣೆ ನಡೆಸಿದಾಗ ರಾತ್ರಿಯ ಅಪಘಾತಗಳು ಶೇಕಡ 17ರಷ್ಟೂ, ಸಾವುಗಳು ಶೇಕಡ 25ರಷ್ಟೂ ತಗ್ಗಿದವು. ಯಾವಾಗಲೂ ಒಂದೇ ಜಾಗದಲ್ಲಿ ನಿಂತರೆ ಚಾಲಕರು ಒಳದಾರಿ ಹಿಡಿಯುತ್ತಾರೆ.

ಚುನಾವಣೆಯ ತಿಂಗಳುಗಳು

ಕೊಡಗಿನಲ್ಲಿ ಹಾಗೆ ಚೀಟಿಯೆತ್ತಿ ಅರ್ಧ ಮನೆಗಳಿಗೆ ಕೋವಿ ಕೊಟ್ಟು, ಅರ್ಧ ಮನೆಗಳಿಂದ ಕಿತ್ತುಕೊಳ್ಳುವುದು ಆಗುವ ಮಾತಲ್ಲ. ಆದರೆ ಪರೀಕ್ಷೆಗೆ ಹತ್ತಿರವಾದ ಒಂದು ಸಂದರ್ಭ ತಾನಾಗಿಯೇ ಒದಗುತ್ತದೆ. ಚುನಾವಣೆ ಘೋಷಣೆಯಾದಾಗ ಕೋವಿಗಳನ್ನು ಠಾಣೆಯಲ್ಲಿ ಒಪ್ಪಿಸಬೇಕೆಂಬ ಆಜ್ಞೆ ಹೊರಡುತ್ತದೆ. ಪ್ರತಿ ಸಲವೂ ಜನರ ಆಕ್ಷೇಪ ಏಳುತ್ತದೆ. ತೋಟದಲ್ಲಿ ಆನೆ ಬಂದರೆ, ಗದ್ದೆಗೆ ಹಂದಿ ನುಗ್ಗಿದರೆ ಏನು ಮಾಡುವುದೆಂದು ಬೆಳೆಗಾರರು ಕೇಳುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಶಾಸನ ಬಂದ ಮೇಲೆ ಬೇಟೆ ನಿಂತಿದೆ. ಬೆದರಿಸಲು ಗಾಳಿಯಲ್ಲಿ ಹಾರಿಸುವ ಗುಂಡು ಮಾತ್ರ ಉಳಿದಿದೆ. ಕೋವಿಗಳು ಠಾಣೆಯಲ್ಲಿದ್ದ ಆ ವಾರಗಳಲ್ಲಿ ಹಲ್ಲೆ, ಕೊಲೆ, ಆತ್ಮಹತ್ಯೆಗಳು ಎಷ್ಟು, ಹಿಂದಿನ ವರ್ಷಗಳ ಅದೇ ವಾರಗಳಲ್ಲಿ ಎಷ್ಟು ಎಂದು ಠಾಣೆಯ ದಾಖಲೆಗಳಿಂದ ಹೋಲಿಸಿ ನೋಡಬಹುದು. ಚುನಾವಣೆಯಲ್ಲಿ ಪೊಲೀಸರ ಸಂಖ್ಯೆ ಹೆಚ್ಚಿರುತ್ತದೆ, ಮದ್ಯದ ಮೇಲೆ ಕಣ್ಣಿರುತ್ತದೆ. ಆದ್ದರಿಂದ ಈ ಹೋಲಿಕೆಯೂ ನಿಷ್ಕಳಂಕವಲ್ಲ. ಏನೂ ಇಲ್ಲದುದಕ್ಕಿಂತ ಮೇಲು.

ಆತ್ಮಹತ್ಯೆಯನ್ನು ಇಲ್ಲಿ ಸೇರಿಸಿದ್ದು ಆಕಸ್ಮಿಕವಲ್ಲ. ಆಸ್ಟ್ರೇಲಿಯದಲ್ಲಿ 1996ರಲ್ಲಿ ಪೋರ್ಟ್ ಆರ್ಥರ್ ಎಂಬಲ್ಲಿ ಒಬ್ಬನೇ ಮನುಷ್ಯ 35 ಜನರನ್ನು ಕೊಂದ ಮೇಲೆ, ಸರ್ಕಾರ ಆರು ಲಕ್ಷಕ್ಕೂ ಮೀರಿದ ಕೋವಿಗಳನ್ನು ಹಣ ಕೊಟ್ಟು ಹಿಂದಕ್ಕೆ ಪಡೆಯಿತು. ಕೊಲೆಗಳು ಇಳಿದದ್ದು ಕಾನೂನಿನಿಂದಲೋ, ಮೊದಲಿಂದಲೇ ಇಳಿಯುತ್ತಿದ್ದುದರಿಂದಲೋ ಎಂದು ವಿದ್ವಾಂಸರು ಇಂದಿಗೂ ವಾದಿಸುತ್ತಾರೆ. ಕೋವಿಯಿಂದಾಗುವ ಆತ್ಮಹತ್ಯೆಗಳು ಇಳಿದವೆಂಬ ವಿಷಯದಲ್ಲಿ ವಾದ ಅಷ್ಟು ತೀವ್ರವಲ್ಲ. ಕ್ಷಣದ ದುಃಖಕ್ಕೂ ಕ್ಷಣದ ಕೋಪಕ್ಕೂ ಕೈಗೆಟುಕಿದ ಕೋವಿ ಎರಡನೆಯ ಯೋಚನೆಗೆ ಎಡೆಗೊಡುವುದಿಲ್ಲ. ಮನೆಯೊಳಗಿನ ಈ ಸಾವುಗಳು ‘ದೇಶದ್ರೋಹ’ದ ಪಟ್ಟಿಯಲ್ಲಿ ಬರುವುದಿಲ್ಲ, ಕೊಲೆಯ ಪಟ್ಟಿಯಲ್ಲಿಯೂ ಬರುವುದಿಲ್ಲ. ಕುಡಿದು ಬಂದ ಗಂಡ ಗೋಡೆಯ ಕಡೆ ನೋಡಿದಾಗ ಹೆಂಡತಿಯ ಎದೆ ನಡುಗುವುದು ಯಾವ ಪಟ್ಟಿಯಲ್ಲಿಯೂ ಬರುವುದಿಲ್ಲ.

ಸಂಪ್ರದಾಯದ ಹೆಮ್ಮೆಗೂ ಈ ಭಯಕ್ಕೂ ನಡುವೆ ದಾರಿಯಿಲ್ಲವೆ? ಪರವಾನಗಿ ಪಡೆದವನು ಯೋಗ್ಯನಲ್ಲವೆಂದು ಕಂಡರೆ ಅದನ್ನು ಅಮಾನತಿನಲ್ಲಿಡಲು ಅಥವಾ ರದ್ದುಪಡಿಸಲು ಶಾಸನದ 17ನೆಯ ಕಲಮಿನಲ್ಲಿ ಅವಕಾಶವಿದೆ. ವಿನಾಯಿತಿಯ ಮನೆಯಲ್ಲಿ ಹಲ್ಲೆಯ ದೂರು ಬಂದಾಗ, ಜನಾಂಗದ ಹಕ್ಕನ್ನು ಮುಟ್ಟದೆ ಆ ಒಂದು ಕೋವಿಯನ್ನು ಮಾತ್ರ ಕೆಲವು ತಿಂಗಳು ಠಾಣೆಯಲ್ಲಿಯೋ ಒಕ್ಕದ ಹಿರಿಯರ ವಶದಲ್ಲಿಯೋ ಇಡುವ ಏರ್ಪಾಟನ್ನು ಯೋಚಿಸಬಹುದು. ಐನ್‌ಮನೆ ಖಾಲಿಯಾಗಿ ಮಕ್ಕಳು ಬೆಂಗಳೂರು, ದುಬಾಯಿ ಸೇರಿರುವ ಈ ದಿನಗಳಲ್ಲಿ ಆ ಹಿರಿಯರು ಎಲ್ಲಿದ್ದಾರೆ ಎಂಬುದೂ ಕೇಳಬೇಕಾದ ಪ್ರಶ್ನೆಯೇ. ಕೋವಿ ಮನೆಯಲ್ಲಿದೆ, ಕೋವಿಯ ಮೇಲಿದ್ದ ಕಣ್ಣು ಎಷ್ಟೋ ಮನೆಗಳಲ್ಲಿ ಊರು ಬಿಟ್ಟಿದೆ.

ವಿನಾಯಿತಿಯ ಕಡತ 2029ರಲ್ಲಿ ಮತ್ತೆ ದೆಹಲಿಯ ಮೇಜಿನ ಮೇಲೆ ಬರುತ್ತದೆ. ಆಗ ಕೊಡಗಿನ ಪರವಾಗಿ ಮಾತನಾಡುವವರ ಕೈಯಲ್ಲಿ ಕಬ್ಬನ್ನರ ಆಜ್ಞೆಯ ಪ್ರತಿ ಇದ್ದೇ ಇರುತ್ತದೆ. ಅದರ ಜೊತೆಗೆ ಹತ್ತು ವರ್ಷಗಳ ಲೆಕ್ಕವೂ ಇರಬೇಕಾದರೆ, ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ಪೊನ್ನಂಪೇಟೆ, ಕುಶಾಲನಗರದ ಠಾಣೆಗಳಲ್ಲಿ ಗುಂಡು ಹಾರಿದ ಪ್ರತಿಯೊಂದು ಪ್ರಕರಣದ ಎದುರಿಗೂ ಕೋವಿ ಯಾವ ಬಗೆಯದು, ಯಾರ ಹೆಸರಿನದು, ಅಂದು ಅದು ಎಲ್ಲಿತ್ತು ಎಂಬ ಮೂರು ಅಂಕಣಗಳನ್ನು ಯಾರಾದರೂ ತುಂಬಿಸಬೇಕು.