ಮುದ್ರಿಸಿದ ಅಂಗಕ್ಕೆ ರಕ್ತವೆಲ್ಲಿಂದ?

ಕಳೆದ ತಿಂಗಳು ಬೆಳ್ತಂಗಡಿ ಕಡೆಯ ತಾಯಿಯೊಬ್ಬರು ಮೂಡುಬಿದಿರೆಯ ನನ್ನ ಚಿಕಿತ್ಸಾಲಯಕ್ಕೆ ಬಂದಿದ್ದರು. ಮಗನ ಎರಡೂ ಮೂತ್ರಪಿಂಡಗಳು ಕೆಟ್ಟು, ವಾರಕ್ಕೆ ಮೂರು ಬಾರಿ ಡಯಾಲಿಸಿಸ್ ನಡೆಯುತ್ತಿದೆ. ತಮ್ಮದೊಂದನ್ನು ಕೊಡಲು ತಾಯಿ ಸಿದ್ಧರು. ಮನೆಯವರು ಮಾತ್ರ, "ಈಗ ಯಂತ್ರದಲ್ಲಿಯೇ ಅಂಗಗಳನ್ನು ಮುದ್ರಿಸುತ್ತಾರಂತೆ, ಎರಡು ವರ್ಷ ಕಾಯೋಣ" ಎನ್ನುತ್ತಿದ್ದಾರೆ. ಭಕ್ತರಲ್ಲಿ ಇನ್ನೂ ಕೆಲವರಿಗೆ ಇದೇ ಭಾವನೆ ಇರಬಹುದೆಂದು ಈ ಲೇಖನ.

ಮೂರು ಆಯಾಮದ ಮುದ್ರಣವೇನೂ ಕಟ್ಟುಕಥೆಯಲ್ಲ. ಅಪಘಾತದಲ್ಲಿ ತಲೆಬುರುಡೆಯ ಭಾಗ ಹೋದರೆ, ಅರ್ಬುದದ ಕಾರಣ ದವಡೆಯನ್ನು ತೆಗೆಯಬೇಕಾದರೆ, ಸಿ.ಟಿ. ಸ್ಕ್ಯಾನ್ ಚಿತ್ರಗಳಿಂದ ಆ ವ್ಯಕ್ತಿಯದೇ ಅಳತೆ ದೊರೆಯುತ್ತದೆ. ಟೈಟಾನಿಯಂ ಪುಡಿಯನ್ನು ತೆಳುವಾಗಿ ಹರಡಿ, ಬೇಕಾದಲ್ಲಿ ಮಾತ್ರ ಲೇಸರ್ ಕಿರಣದಿಂದ ಕರಗಿಸಿ, ಪದರದ ಮೇಲೆ ಪದರವಾಗಿ ಆ ಭಾಗವನ್ನು ಕಟ್ಟುತ್ತಾರೆ. ಹಿಂದೆ ನಮ್ಮ ಹಿರಿಯರು ಮಣ್ಣಿನ ಗೋಡೆಯನ್ನು ವರಸೆ ವರಸೆಯಾಗಿ ಏರಿಸುತ್ತಿದ್ದುದು ನೆನಪಾಗುತ್ತದೆ.

ಅಳತೆಗೆ ತಕ್ಕಂತೆ ಅಂಗವನ್ನು ರೂಪಿಸುವುದು ನಮಗೆ ಹೊಸತಲ್ಲ. ಮೂಗಿನ ಅಳತೆಗೆ ಎಲೆಯೊಂದನ್ನು ಕತ್ತರಿಸಿ, ಅಷ್ಟೇ ಚರ್ಮವನ್ನು ಕೆನ್ನೆಯಿಂದ ಎತ್ತಬೇಕೆಂದು ಸುಶ್ರುತನು ಹೇಳಿದ್ದಾನೆ. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯದ ಎತ್ತು ಹೊಡೆಯುವವನಾಗಿದ್ದ ಕವಾಸ್ಜಿ ಟಿಪ್ಪುವಿಗೆ ಸೆರೆಸಿಕ್ಕಿ ಮೂಗು ಕಳೆದುಕೊಂಡನು. ಪುಣೆಯ ಬಳಿ ಇಟ್ಟಿಗೆ ಮಾಡುವ ಸಮುದಾಯದವನೊಬ್ಬನು ಮೇಣದಲ್ಲಿ ಮೂಗಿನ ಆಕಾರ ಮಾಡಿ, ಅದನ್ನು ಚಪ್ಪಟೆಯಾಗಿಸಿ ಹಣೆಯ ಮೇಲಿಟ್ಟು ಗೆರೆಯೆಳೆದು, ಅಷ್ಟು ಚರ್ಮವನ್ನು ಬಿಡಿಸಿ ಹೊಸ ಮೂಗನ್ನು ಕಟ್ಟಿದನು. 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದು ಇದನ್ನು ಪ್ರಕಟಿಸಿತು. ಆತನ ನಿಜವಾದ ಜಾಣ್ಮೆ ಮೇಣದಲ್ಲಿರಲಿಲ್ಲ. ಹುಬ್ಬುಗಳ ನಡುವೆ ಚರ್ಮವನ್ನು ಪೂರ್ತಿ ಕತ್ತರಿಸದೆ ಉಳಿಸಿದ್ದರಲ್ಲಿತ್ತು. ಆ ಸಣ್ಣ ಸೇತುವೆಯಿಂದಲೇ ಮೂಗಿಗೆ ರಕ್ತ ಹರಿಯಿತು, ಚರ್ಮ ಬದುಕಿತು.

ಮೂತ್ರಪಿಂಡದ ತೊಡಕು ಇರುವುದೂ ಇಲ್ಲಿಯೇ. ಲೋಹದ ದವಡೆಗೆ ರಕ್ತ ಬೇಡ. ಮೂತ್ರಪಿಂಡ ಒಂದೊಂದರಲ್ಲಿಯೂ ಸುಮಾರು 10 ಲಕ್ಷ ಸೋಸುವ ಘಟಕಗಳಿದ್ದು, ಪ್ರತಿಯೊಂದಕ್ಕೂ ಕೂದಲಿಗಿಂತ ಸಪೂರವಾದ ರಕ್ತನಾಳಗಳು ಬೇಕು. ಜೀವಕೋಶಗಳನ್ನು ಲೋಳೆಯಂತಹ ದ್ರವ್ಯದಲ್ಲಿ ಬೆರೆಸಿ ಮುದ್ರಿಸಬಹುದು. ಬೆಂಗಳೂರಿನ ಪಂಡೋರಮ್ ಟೆಕ್ನಾಲಜೀಸ್ ಸಂಸ್ಥೆಯು ಯಕೃತ್ತಿನ ಅಂಗಾಂಶವನ್ನು ಹೀಗೆ ಸಿದ್ಧಪಡಿಸಿದ್ದಾಗಿ 2015ರಲ್ಲಿ ತಿಳಿಸಿತು. ಅದು ಔಷಧ ಪರೀಕ್ಷೆಗೆ ಒದಗುವ ಸಣ್ಣ ತುಣುಕು, ದೇಹದಲ್ಲಿ ಜೋಡಿಸುವ ಯಕೃತ್ತಲ್ಲ.

ಎರಡು ವರ್ಷ ಕಾಯುವ ಮಾತನ್ನು ಬಿಡಿ ಎಂದು ಮನೆಯವರಿಗೆ ಸ್ಪಷ್ಟವಾಗಿ ಹೇಳಿದೆನು. ಡಯಾಲಿಸಿಸ್ ನಿಲ್ಲಿಸಿ ಕಷಾಯ ಕುಡಿಯಿರಿ ಎನ್ನುವ ವೈದ್ಯನೂ ನಾನಲ್ಲ. ದಾನಿಯ ರಕ್ತದ ಗುಂಪು, ಅಂಗಾಂಶದ ಹೊಂದಾಣಿಕೆ, ರಕ್ತದೊತ್ತಡ, ಸಕ್ಕರೆ ಎಲ್ಲವನ್ನೂ ಪರೀಕ್ಷಿಸಬೇಕು. ತಾಯಿಯದು ಹೊಂದದಿದ್ದರೆ, ಕಸಿ ಮಾಡುವ ಆಸ್ಪತ್ರೆಯ ಮೂಲಕ ರಾಜ್ಯದ 'ಜೀವಸಾರ್ಥಕತೆ'ಯ ಪಟ್ಟಿಯಲ್ಲಿ ಮಗನ ಹೆಸರನ್ನು ನೋಂದಾಯಿಸಬೇಕು.

ಮೊನ್ನೆ ಆ ತಾಯಿ ಮಂಗಳೂರಿಗೆ ಹೋಗಿ ಪರೀಕ್ಷೆ ಮಾಡಿಸಿಕೊಂಡು ಬಂದಿದ್ದಾರೆ. ವರದಿ ಇನ್ನೂ ಕೈಸೇರಿಲ್ಲ.