ತಂತ್ರಾಂಶ ತಯಾರಿಕೆ: ಗಡುವು ನಿಗದಿಪಡಿಸುವುದು ಯಾವಾಗ?

ಪಾಂಡವಪುರದ ಆಲೆಮನೆಗಳಲ್ಲಿ ಕಬ್ಬಿನ ಗದ್ದೆಯನ್ನು ದೂರದಿಂದ ನೋಡಿ ಇಂತಿಷ್ಟೇ ಬೆಲ್ಲವಾಗುತ್ತದೆಂದು ಯಾರೂ ಮಾತು ಕೊಡುವುದಿಲ್ಲ. ಮೊದಲ ಕೊಪ್ಪರಿಗೆ ಪಾಕಕ್ಕೆ ಬಂದ ಬಳಿಕವೇ ಲೆಕ್ಕ ಗಟ್ಟಿಯಾಗುವುದು. ಆದರೆ ದಾಸ್ತಾನು, ಲೆಕ್ಕಪತ್ರಗಳ ಗಣಕೀಕರಣಕ್ಕಾಗಿ ತಂತ್ರಾಂಶ ಮಾಡಿಸುವ ಉದ್ಯಮಿಗಳು ಮೊದಲ ಭೇಟಿಯಲ್ಲಿಯೇ ದಿನಾಂಕ ಕೇಳುತ್ತಾರೆ. ಗಿರಾಕಿ ಕೈತಪ್ಪಬಾರದೆಂದು ತಯಾರಕರೂ ಒಂದು ದಿನಾಂಕ ಹೇಳಿಬಿಡುತ್ತಾರೆ. ಅದನ್ನೇ ನಂಬಿ ಮುಂಗಡ ಪಾವತಿ, ನೌಕರರ ತರಬೇತಿ, ಹಳೆಯ ಪುಸ್ತಕಗಳ ಮುಕ್ತಾಯ ಎಲ್ಲವೂ ನಿಶ್ಚಯವಾಗುತ್ತವೆ. ಗಡುವು ತಪ್ಪಿದಾಗ ನಷ್ಟ ಇಬ್ಬರಿಗೂ.

ಇದು ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತೆ. ಅಮೆರಿಕದ ತಜ್ಞ ಬ್ಯಾರಿ ಬೋಹ್ಮ್ 1981ರ ತಮ್ಮ ಗ್ರಂಥದಲ್ಲಿ ತೋರಿಸಿಕೊಟ್ಟಂತೆ, ಯೋಜನೆಯು ಇನ್ನೂ ಕಲ್ಪನೆಯ ಹಂತದಲ್ಲಿರುವಾಗ ಮಾಡಿದ ಶ್ರಮದ ಅಂದಾಜು ನಾಲ್ಕು ಪಟ್ಟು ಹೆಚ್ಚಾಗಬಹುದು ಅಥವಾ ಕಾಲು ಭಾಗಕ್ಕೆ ಇಳಿಯಬಹುದು. ಅಂದರೆ 100 ಮಾನವ ದಿನಗಳ ಕೆಲಸ 400 ದಿನ ಹಿಡಿದರೂ ಆಶ್ಚರ್ಯವಿಲ್ಲ. ಅಗತ್ಯಗಳೆಲ್ಲ ಬರಹದಲ್ಲಿ ಸ್ಪಷ್ಟವಾದ ನಂತರ ಈ ಅಂತರ ಸುಮಾರು ಒಂದೂವರೆ ಪಟ್ಟಿಗೆ ತಗ್ಗುತ್ತದೆ.

ನಮ್ಮ ರಾಜ್ಯದ ಭೂದಾಖಲೆಗಳ ಗಣಕೀಕರಣವೂ ಇದೇ ಪಾಠವನ್ನು ಹೇಳುತ್ತದೆ. 1990ರ ದಶಕದ ಮೊದಲ ಯತ್ನದಲ್ಲಿ ತಾಲ್ಲೂಕು ಮಟ್ಟದಲ್ಲಿ ಗಣಕಯಂತ್ರಗಳಿರಲಿಲ್ಲ. ಖಾತೆ ಬದಲಾವಣೆಗಳು ಸೇರದೆ, ನಮೂದಿಸಿದ ಮಾಹಿತಿ ಹಳತಾಯಿತು. ನಂತರ ಬಂದ ‘ಭೂಮಿ’ ಯೋಜನೆಯನ್ನು ಮೊದಲು ಕೆಲವೇ ತಾಲ್ಲೂಕುಗಳಲ್ಲಿ ಪ್ರಯೋಗಿಸಲಾಯಿತು. ಮಂಡ್ಯ ಜಿಲ್ಲೆಯ ಮದ್ದೂರು ಅವುಗಳಲ್ಲೊಂದು. 2002ರ ವೇಳೆಗೆ ಅದು 177 ತಾಲ್ಲೂಕುಗಳಿಗೆ ವಿಸ್ತರಿಸಿ, ಸುಮಾರು 2 ಕೋಟಿ ದಾಖಲೆಗಳನ್ನು ಒಳಗೊಂಡಿತು. ಹಳೆಯ ಕಡತಗಳನ್ನು ತಿದ್ದಿ ನಮೂದಿಸಲು ಹಿಡಿಯುವ ಕಾಲವು ಸ್ವಲ್ಪ ಭಾಗವನ್ನು ಮಾಡಿ ನೋಡಿದಾಗಲೇ ತಿಳಿಯುವುದು. ಅಂಗಡಿ, ಗಿರಣಿಗಳ ಸಾಲದ ಖಾತೆ, ದಾಸ್ತಾನು ಪುಸ್ತಕಗಳ ವಿಷಯವೂ ಹೀಗೆಯೇ.

ಆದ್ದರಿಂದ ಅಂದಾಜನ್ನು ಮೂರು ಬಾರಿ ಪಡೆಯುವುದು ಸೂಕ್ತ. ಮೊದಲ ಮಾತುಕತೆಯಲ್ಲಿ ‘ಮೂರರಿಂದ ಎಂಟು ತಿಂಗಳು’ ಎಂಬಂತಹ ವ್ಯಾಪ್ತಿ ಮಾತ್ರ ಸಾಕು. ಬಂಡವಾಳ ಹೂಡಬೇಕೇ ಬೇಡವೇ ಎಂಬ ತೀರ್ಮಾನಕ್ಕೆ ಅದು ನೆರವಾಗುತ್ತದೆ. ಎರಡನೆಯದು, ಅಗತ್ಯಗಳ ಪಟ್ಟಿಗೆ ಉಭಯರೂ ಸಹಿ ಮಾಡಿದ ಮೇಲೆ. ಈ ಅಧ್ಯಯನಕ್ಕೆ ಪ್ರತ್ಯೇಕ ಶುಲ್ಕ ಕೊಡುವುದು ದುಂದುವೆಚ್ಚವಲ್ಲ. ಮೂರನೆಯದು, ಬಿಲ್ ತಯಾರಿಕೆಯಂತಹ ಒಂದು ಭಾಗವು ಸಂಸ್ಥೆಯ ನೈಜ ಲೆಕ್ಕಗಳೊಡನೆ ಓಡಿದ ಬಳಿಕ. ಒಪ್ಪಂದದಲ್ಲಿ ಅಂತಿಮ ದಿನಾಂಕವನ್ನು ಆಗಲೇ ಬರೆಯಬೇಕು.

ಕೆಲವೊಮ್ಮೆ ದಿನಾಂಕ ಹೊರಗಿನಿಂದಲೇ ಬರುತ್ತದೆ. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಯಾದಾಗ ಯಾವ ವರ್ತಕರಿಗೂ ಅದನ್ನು ಮುಂದೂಡುವ ಅವಕಾಶವಿರಲಿಲ್ಲ. ಅಂತಹ ಸಂದರ್ಭದಲ್ಲಿ ಕೇಳಬೇಕಾದ ಪ್ರಶ್ನೆ “ಎಂದು ಮುಗಿಯುತ್ತದೆ?” ಎಂಬುದಲ್ಲ, “ಅಷ್ಟರೊಳಗೆ ಯಾವುದು ಮುಗಿಯಲೇಬೇಕು?” ಎಂಬುದು. ಅನಿವಾರ್ಯವಾದುದನ್ನು ಮೊದಲು ಮಾಡಿಸಿ, ಉಳಿದುದನ್ನು ಮುಂದಿನ ಹಂತಕ್ಕೆ ಬಿಡುವುದೇ ವಿವೇಕ.

ತಡವಾಗಿ ಹೇಳಿದ ನಿಜವಾದ ದಿನಾಂಕವು ಬೇಗ ಹೇಳಿದ ಸುಳ್ಳು ದಿನಾಂಕಕ್ಕಿಂತ ವ್ಯಾಪಾರಕ್ಕೆ ಲಾಭದಾಯಕ.